ಸ್ಪೋಕನ್ ಟ್ಯುಟೋರಿಯಲ್: ದಾವಣಗೆರೆ ವಿದ್ಯಾರ್ಥಿಗಳ ಐಟಿ ತಯಾರಿಗೆ ಎಲ್ಲಿ ಒದಗುತ್ತದೆ, ಎಲ್ಲಿ ಸಾಲದು

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಎಂಬ ಕಂಪ್ಯೂಟರ್ ವಿಡಿಯೊ ಪಾಠಗಳನ್ನು ನೋಡಲು ದುಡ್ಡು ಬೇಕಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ನೆರವಿನಲ್ಲಿ ಬೆಳೆದ ಯೋಜನೆ ಇದು. ಒಂದೊಂದು ವಿಡಿಯೊ ಹತ್ತು ನಿಮಿಷದ ಆಸುಪಾಸು. ಸಿ, ಜಾವಾ, ಪೈಥಾನ್, ಲಿನಕ್ಸ್, ಲಿಬ್ರೆಆಫೀಸ್, ಪಿಎಚ್‌ಪಿ ಎಲ್ಲ ಇವೆ. ಹಲವು ಸರಣಿಗಳನ್ನು ಕನ್ನಡದಲ್ಲೇ ಕೇಳಬಹುದು. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಕನ್ನಡ ಮಾಧ್ಯಮ ಓದಿ ಬಿಸಿಎಗೆ ಸೇರುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೆಟ್ಟಿಲು ಪುಕ್ಕಟೆ ಸಿಗುವುದು ಕಷ್ಟ. ಆದರೆ ಇದೊಂದನ್ನೇ ನಂಬಿ ಬೆಂಗಳೂರಿನ ಸಂದರ್ಶನಕ್ಕೆ ಹೋದರೆ ಸಾಲದು. ಕಲಿತದ್ದನ್ನು ಊರಿನಲ್ಲಿ ಒಬ್ಬರ ನಿಜವಾದ ಕೆಲಸಕ್ಕೆ ಹಚ್ಚಿದಾಗ ಮಾತ್ರ ಇದರ ಪೂರ್ತಿ ಫಲ ಸಿಗುತ್ತದೆ.

ಮೊದಲು ಅದರ ಗುಣ ಹೇಳಬೇಕು. ಮಾತು ಮಾತ್ರ ಕನ್ನಡಕ್ಕೆ ಬಂದಿದೆ, ಪರದೆಯ ಮೇಲಿನ ಮೆನು, ಕೋಡ್, ಎರರ್ ಎಲ್ಲ ಇಂಗ್ಲಿಷಿನಲ್ಲೇ ಉಳಿದಿವೆ. ಇದು ಸರಿಯಾದ ನಿರ್ಧಾರ. ವಿಷಯ ತಲೆಗೆ ಹತ್ತುವುದು ತಾಯಿನುಡಿಯಲ್ಲಿ, ಕಣ್ಣಿಗೆ ರೂಢಿಯಾಗುವುದು ಕೆಲಸದ ಜಾಗದಲ್ಲಿ ಕಾಣುವ ಪರದೆಯೇ. ಪರದೆಯ ಅರ್ಧದಲ್ಲಿ ವಿಡಿಯೊ, ಇನ್ನರ್ಧದಲ್ಲಿ ಎಡಿಟರ್ ಇಟ್ಟುಕೊಂಡು, ಅಲ್ಲಲ್ಲಿ ನಿಲ್ಲಿಸಿ, ಕೈಯಾರೆ ಟೈಪ್ ಮಾಡುತ್ತ ಹೋಗಬೇಕು. ಹತ್ತು ನಿಮಿಷದ ಪಾಠಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲೇಬೇಕು. ಸುಮ್ಮನೆ ನೋಡಿ ಮುಗಿಸಿದವರಿಗೆ ಮಾರನೆಯ ದಿನ ಏನೂ ನೆನಪಿರುವುದಿಲ್ಲ. ಕೋಡ್ ಫೈಲ್, ಅಸೈನ್‌ಮೆಂಟ್ ಡೌನ್‌ಲೋಡ್‌ಗೆ ಸಿಗುತ್ತವೆ. ವಿಡಿಯೊದ ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಗೊಂದಲವಾಯಿತು ಎಂದು ಗುರುತಿಸಿಯೇ ಪ್ರಶ್ನೆ ಕೇಳಬಹುದು.

ಕೊರತೆ ಇರುವುದು ಹಳತಾಗಿರುವುದರಲ್ಲಿ. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ (ವೆಬ್‌ಸೈಟ್ ಬರೆಯುವ ಭಾಷೆ ಮತ್ತು ಡೇಟಾಬೇಸ್) ಸರಣಿಯಲ್ಲಿ ತೋರಿಸುವ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದಾರೆ. ಇವೆರಡನ್ನೂ ಒಟ್ಟಿಗೆ ಕಂಪ್ಯೂಟರಿಗೆ ಹಾಕಿಕೊಡುವ ಜಾಂಪ್‌ನ (XAMPP) ಈಗಿನ ಆವೃತ್ತಿ ಹಾಕಿಕೊಂಡು ಅದೇ ಕೋಡ್ ಓಡಿಸಿದರೆ ‘ಅಂಥ ಫಂಕ್ಷನ್ ಇಲ್ಲ’ ಎಂಬ ಎರರ್ ಬರುತ್ತದೆ. ತಪ್ಪು ತನ್ನದೇ ಎಂದುಕೊಂಡು ವಿದ್ಯಾರ್ಥಿ ಕೈಚೆಲ್ಲುವುದು ಇಲ್ಲೇ. ಆ ಸರಣಿಯನ್ನು ತರ್ಕಕ್ಕಾಗಿ ನೋಡಿ, ಕೋಡ್ ಬರೆಯುವಾಗ ಪಿಎಚ್‌ಪಿಯಿಂದ ಡೇಟಾಬೇಸ್ ತಲುಪುವ ಹೊಸ ದಾರಿಯಾದ ಪಿಡಿಒ (PDO) ಬಳಸಿ. ಬಳಕೆದಾರ ತುಂಬಿದ್ದನ್ನು ನೇರವಾಗಿ ಕ್ವೆರಿಗೆ (ಡೇಟಾಬೇಸ್‌ಗೆ ಕಳಿಸುವ ಆದೇಶಕ್ಕೆ) ಅಂಟಿಸದೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಆದೇಶ, ಮಾಹಿತಿ ಬೇರೆ ಬೇರೆಯಾಗಿ ಹೋಗುವ ವಿಧಾನ) ಮೂಲಕವೇ ಕಳಿಸಿ. ಪೈಥಾನ್‌ಗೆ ಎರಡು ಸರಣಿಗಳಿವೆ. ಹಳೆಯದು ಪೈಥಾನ್ 2ರ ಕಾಲದ್ದು, ಅದನ್ನು ಬಿಟ್ಟು 3.4.3 ಎಂದಿರುವುದನ್ನು ತೆಗೆದುಕೊಳ್ಳಿ. ಲಿನಕ್ಸ್ ಕಮಾಂಡ್‌ಗಳ ಪಾಠ ಮಾತ್ರ ಇಂದಿಗೂ ಚೊಕ್ಕವಾಗಿದೆ.

ಇನ್ನು ಊರಿನ ಕೆಲಸ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎಐಸಿಟಿಇ ಆ್ಯಕ್ಟಿವಿಟಿ ಪಾಯಿಂಟ್, ಅಂದರೆ ಸಮಾಜಕ್ಕೆ ಉಪಯೋಗವಾಗುವ ಕೆಲಸಕ್ಕೆ ಸಿಗುವ ಅಂಕ, ಕಡ್ಡಾಯ: ಮೊದಲ ವರ್ಷಕ್ಕೇ ಸೇರಿದವರಿಗೆ 100, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದವರಿಗೆ 75. ಸಿಜಿಪಿಎಗೆ ಸೇರುವುದಿಲ್ಲ ಎಂಬ ಕಾರಣಕ್ಕೆ ಬಹಳ ಕಡೆ ಫೋಟೊ, ವರದಿಯಲ್ಲೇ ಮುಗಿದುಹೋಗುತ್ತದೆ. ಗ್ರಾಮೀಣ ಉತ್ಪನ್ನಗಳ ಮಾರಾಟಕ್ಕೆ ನೆರವಾಗುವುದೂ ಅದರ ಪಟ್ಟಿಯಲ್ಲಿದೆ. ಮಂಡಕ್ಕಿ ಭಟ್ಟಿ, ಸಹಕಾರ ಸಂಘ, ದಲ್ಲಾಳಿ ಮಂಡಿ ಇಷ್ಟೆಲ್ಲ ಇರುವ ಊರಿನಲ್ಲಿ ಆ ಅವಕಾಶವನ್ನು ಕಾಗದದ ಮೇಲೆ ಕಳೆಯುವುದು ನಿಜಕ್ಕೂ ನಷ್ಟ.

ಒಂದು ಮಂಡಕ್ಕಿ ಭಟ್ಟಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ನಾಲ್ಕು ಟೇಬಲ್‌ ಸಾಕು: ಗಿರಾಕಿಗಳ ಪಟ್ಟಿ, ಬಂದ ಭತ್ತ, ಹೋದ ಮಂಡಕ್ಕಿ ಚೀಲ, ಬಂದ ಹಣ. ಬಾಕಿಯನ್ನು ಬೇರೆ ಕಾಲಂನಲ್ಲಿ ಬರೆದಿಡಬೇಡಿ, ಕ್ವೆರಿಯಿಂದಲೇ ಲೆಕ್ಕ ಹಾಕಿಸಿ. ಇಲ್ಲವಾದರೆ ಒಂದು ಎಂಟ್ರಿ ತಿದ್ದಿದ ದಿನ ಎರಡೂ ತಾಳೆಯಾಗುವುದಿಲ್ಲ. ರೂಪಾಯಿಗೆ ಫ್ಲೋಟ್ ಬೇಡ, ಡೆಸಿಮಲ್ ಇಡಿ. ಫ್ಲೋಟ್ ಪೈಸೆಯನ್ನು ನಿಖರವಾಗಿ ಹಿಡಿಯುವುದಿಲ್ಲ, ಸಾವಿರಾರು ಎಂಟ್ರಿ ಕೂಡಿದಾಗ ಮೊತ್ತ ಜಾರುತ್ತದೆ. ಗಿರಾಕಿಯನ್ನು ಹೆಸರಿನಿಂದ ಗುರುತಿಸಲು ಹೋಗಬೇಡಿ. ಖಾತೆಯಲ್ಲಿ ಇಬ್ಬರು ಬಸವರಾಜಪ್ಪ ಇದ್ದೇ ಇರುತ್ತಾರೆ, ಒಬ್ಬರು ಕಟ್ಟಿದ್ದು ಇನ್ನೊಬ್ಬರಿಗೆ ಜಮೆಯಾಗುತ್ತದೆ. ಪ್ರತಿಯೊಬ್ಬರಿಗೂ ಒಂದು ಐಡಿ ಕೊಡಿ. ಅರ್ಧ ಕೊಟ್ಟು ಉಳಿದದ್ದು ಮುಂದಿನ ವಾರ ಎನ್ನುವವರು, ಚೀಲ ವಾಪಸ್ ತರುವವರು, ಹಬ್ಬಕ್ಕೆ ಮುಂಗಡ ಕೊಟ್ಟವರು ಯಾವ ಟ್ಯುಟೋರಿಯಲ್‌ನಲ್ಲೂ ಸಿಗುವುದಿಲ್ಲ. ‘ನಿನ್ನ ಪ್ರಾಜೆಕ್ಟ್‌ನಲ್ಲಿ ಕಷ್ಟ ಎಲ್ಲಿ ಬಂತು’ ಎಂದು ಸಂದರ್ಶನದಲ್ಲಿ ಕೇಳಿದಾಗ ಉತ್ತರವಾಗಿ ನಿಲ್ಲುವವರು ಇವರೇ.

ಕನ್ನಡ ಅಕ್ಷರದ ತೊಂದರೆ ಬೇರೆ ಇದೆ. ಡೇಟಾಬೇಸ್ ಇಂಗ್ಲಿಷಿನಂಥ ಲಿಪಿಗಳಿಗಷ್ಟೇ ಆಗುವ ಲ್ಯಾಟಿನ್1 ಎನ್‌ಕೋಡಿಂಗ್‌ನಲ್ಲಿದ್ದರೆ ಕನ್ನಡ ಹೆಸರು ಸೇವ್ ಮಾಡುವಾಗ ಎರರ್ ಬರುತ್ತದೆ, ಇಲ್ಲವೇ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕೂರುತ್ತದೆ. ಹಾಗೆ ಕೂತದ್ದನ್ನು ಮತ್ತೆ ಕನ್ನಡ ಮಾಡಲು ಆಗುವುದಿಲ್ಲ. ಡೇಟಾಬೇಸ್, ಟೇಬಲ್, ಪಿಎಚ್‌ಪಿ ಕನೆಕ್ಷನ್ ಮೂರೂ ಕಡೆ ಎಲ್ಲ ಲಿಪಿಗೂ ಆಗುವ ಯುಟಿಎಫ್8ಎಂಬಿ4 (utf8mb4) ಎಂದು ಮೊದಲ ದಿನವೇ ಹೇಳಿಬಿಡಿ. ಮಾಲೀಕರ ಹಳೆಯ ಪಟ್ಟಿ ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ ತುಂಬಿ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ನೋಡಿ, ಕೆಡುವುದು ಸಾಮಾನ್ಯವಾಗಿ ಅಲ್ಲಿಯೇ.

ಕಾಲೇಜು ಮಾಡಬೇಕಾದ್ದು ದೊಡ್ಡದಲ್ಲ, ಆದರೆ ಬಿಡುವಂತಿಲ್ಲ. ವಿಭಾಗದ ಮುಖ್ಯಸ್ಥರ ಪತ್ರವಿಲ್ಲದೆ ಮಾಲೀಕರು ಖಾತೆ ಪುಸ್ತಕ ತೆರೆದು ತೋರಿಸುವುದಿಲ್ಲ, ತೋರಿಸಲೂಬಾರದು. ವಿದ್ಯಾರ್ಥಿಗಳು ಯಾವ ಲೆಕ್ಕ ನೋಡುತ್ತಾರೆ, ಎಷ್ಟು ವಾರ, ಕೊನೆಗೆ ಏನು ಕೊಡುತ್ತಾರೆ ಎಂದು ಒಂದು ಪುಟದಲ್ಲಿ ಬರೆದು ಮುಖ್ಯಸ್ಥರು, ಮಾಲೀಕರು ಇಬ್ಬರೂ ಸಹಿ ಹಾಕಲಿ. ಮೊದಲ ಒಪ್ಪಂದದಲ್ಲಿ ಎರಡೇ ಪರದೆ ಇರಲಿ: ಎಂಟ್ರಿ ಮಾಡುವುದು, ಬಾಕಿ ನೋಡುವುದು. ಮೊಬೈಲ್ ಆ್ಯಪ್, ಎಸ್‌ಎಂಎಸ್ ಎಂದು ಆಸೆ ಹಚ್ಚಿದರೆ ಪರೀಕ್ಷೆ ಬಂದಾಗ ಯಾವುದೂ ಮುಗಿದಿರುವುದಿಲ್ಲ. ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಲ್ಲಿರಲಿ, ಪಾಸ್‌ವರ್ಡ್ ಮತ್ತು ಗಿರಾಕಿಗಳ ಫೋನ್ ನಂಬರ್ ಅಲ್ಲಿಗೆ ಹೋಗಕೂಡದು. ರೆಸ್ಯೂಮೆಯಲ್ಲಿ ಲಿಂಕ್ ಕೊಡುವವರು ಕಲ್ಪಿತ ಹೆಸರುಗಳ ಡೇಟಾ ಹಾಕಿ ತೋರಿಸಲಿ.

ಎನ್‌ಪಿಟಿಇಎಲ್ (ಐಐಟಿಗಳು ನಡೆಸುವ ಆನ್‌ಲೈನ್ ಕೋರ್ಸುಗಳು) ಜೊತೆ ಹೋಲಿಸುವವರಿಗೆ ಒಂದು ಮಾತು. ಅಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ ಸಾಮಾನ್ಯ. ಸರ್ಟಿಫಿಕೇಟಿಗೆ ತೂಕವಿದೆ, ಥಿಯರಿ ಗಟ್ಟಿಯಾಗುತ್ತದೆ. ಡೇಟಾಬೇಸ್ ಅಥವಾ ಅಲ್ಗಾರಿದಮ್ ಕೋರ್ಸ್ ಒಂದನ್ನು ಅಲ್ಲಿ ಮಾಡಿ, ಕೈಕೆಲಸವನ್ನು ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕಲಿಯುವುದು ಒಳ್ಳೆಯ ಜೋಡಿ.

ಸಾಫ್ಟ್‌ವೇರ್ ಒಪ್ಪಿಸುವ ದಿನ ಮಾಲೀಕರ ಕೈಯಲ್ಲೇ ಹತ್ತು ಎಂಟ್ರಿ ಮಾಡಿಸಿ, ನೀವು ಮೌಸ್ ಮುಟ್ಟಬೇಡಿ. ಅವರು ಎಲ್ಲಿ ತಡವರಿಸುತ್ತಾರೋ ಬರೆದುಕೊಳ್ಳಿ, ತಿದ್ದಬೇಕಾದ್ದು ಅದೇ. ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆಯುವುದನ್ನು ಕಲಿಸಿ, ಆ ಬ್ಯಾಕಪ್‌ನಿಂದ ಇನ್ನೊಂದು ಕಂಪ್ಯೂಟರಿನಲ್ಲಿ ಎಲ್ಲವನ್ನೂ ವಾಪಸ್ ತಂದು ತೋರಿಸಿ. ಅಂತಿಮ ವರ್ಷದವರು ಊರು ಬಿಡುವ ಮೊದಲು ಎರಡನೇ ವರ್ಷದ ಇಬ್ಬರನ್ನು ಭಟ್ಟಿಗೆ ಕರೆದೊಯ್ದು ಪರಿಚಯಿಸಿ, ಆ ಇಬ್ಬರ ಫೋನ್ ನಂಬರನ್ನು ಖಾತೆ ಪುಸ್ತಕದ ಒಳರಟ್ಟಿನ ಮೇಲೆ ಬರೆಸಿ ಬರಬೇಕು.