ಕೊನೆಯವರಿಗೂ ಐದು ನಿಮಿಷ: ಮೈಸೂರಿನ ನಿವೃತ್ತರ ನಡಿಗೆ ಗುಂಪಿನ ಜೊತೆ ಎರಡು ವರ್ಷ

ಇದು ಟ್ರೆಕ್ಕಿಂಗ್ ಕ್ಲಬ್ ಅಲ್ಲ. ಟೀ ಶರ್ಟ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ಬೋರ್ಡೂ ಇಲ್ಲ. ಕುವೆಂಪುನಗರ, ರಾಮಕೃಷ್ಣನಗರ, ಸರಸ್ವತಿಪುರಂ ಕಡೆಯ ನಿವೃತ್ತರು ತಾವೇ ಸೇರಿ ನಡೆಸುವ ಗುಂಪು. ವಾಟ್ಸಾಪ್‌ನಲ್ಲಿ ಸುಮಾರು 70 ಜನ ಇದ್ದೇವೆ, ನಡೆಯಲು ಬರುವವರು ಒಂದು ಸಲಕ್ಕೆ 15ರಿಂದ 25. ತಿಂಗಳಿಗೆ ಎರಡು ಶನಿವಾರ ಊರಾಚೆ ನಡಿಗೆ, ಒಂದು ಸಂಜೆ ನಾಟಕವೋ ಸಂಗೀತವೋ. ನಾನು ಸೇರಿ ಎರಡು ವರ್ಷ ಆಯಿತು. ಈಚೆಗೆ ರಿಟೈರ್ ಆದವರು, ಅದರಲ್ಲೂ ಹೆಂಗಸರು, "ಹೇಗಿದೆ, ಸೇರಬಹುದಾ, ನಮ್ಮ ಕೈಲಿ ಆಗುತ್ತಾ" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನಗೆ 66. ಅಂಚೆ ಕಚೇರಿ ಕೌಂಟರಿನಲ್ಲಿ 34 ವರ್ಷ ಕೂತು ಕೆಲಸ ಮಾಡಿದವಳು. ಎಡ ಮಂಡಿ ನೋವಿದೆ, ಬೆಳಿಗ್ಗೆ ಬಿಪಿ ಮಾತ್ರೆ ಇದೆ. ಸೇರುವ ಮೊದಲು ನಡಿಗೆ ಅಂದರೆ ಮನೆ ಹತ್ತಿರದ ಪಾರ್ಕಿನಲ್ಲಿ ನಾಲ್ಕು ಸುತ್ತು, ಅಷ್ಟೇ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ವಾರಕ್ಕೊಮ್ಮೆ ಹತ್ತುವವರ ಅಭಿಪ್ರಾಯ ನನ್ನಂಥವರಿಗೆ ಉಪಯೋಗಕ್ಕೆ ಬರುವುದಿಲ್ಲ. ನಮಗೆ ಬೇಕಾದ ವಿಷಯಗಳೇ ಬೇರೆ.

ಹೊಸಬರನ್ನು ಮೊದಲ ಸಲ ಲಿಂಗಾಂಬುಧಿ ಕೆರೆಗೆ ಕರೆದುಕೊಂಡು ಹೋಗುತ್ತಾರೆ. ಇದು ಒಳ್ಳೆಯ ಪದ್ಧತಿ. ಮಟ್ಟಸ ದಾರಿ, ಮರದ ನೆರಳು, ಸುಸ್ತಾದರೆ ಆಟೋ ಹಿಡಿದು ಮನೆಗೆ ಬರಬಹುದು. ಯಾರು ಎಷ್ಟು ನಡೆಯುತ್ತಾರೆ, ಎಲ್ಲಿ ಉಸಿರು ಕಟ್ಟುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಕೆರೆ ಅದು ಅಂತ ನನಗೆ ಅವತ್ತೇ ತಿಳಿದದ್ದು. ಇಷ್ಟು ವರ್ಷ ಮೈಸೂರಿನಲ್ಲೇ ಇದ್ದೆ, ಕೆರೆಗೆ ಆ ಹೆಸರು ಎಲ್ಲಿಂದ ಬಂತು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಹೇಳಿದವರು ನಮ್ಮ ಗುಂಪು ನಡೆಸುವ ಯಜಮಾನರು. ಸರ್ವೆ ಇಲಾಖೆಯಲ್ಲಿ ಇದ್ದವರು, ಎಲ್ಲರೂ ಸರ್ವೆ ಸಾಹೇಬ್ರು ಅಂತಲೇ ಕರೆಯುತ್ತೇವೆ. ಈ ಗುಂಪಿನ ದೊಡ್ಡ ಆಸ್ತಿ ಅವರು. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಒಂದು ಥರ, ಕಾಲುದಾರಿ ಇನ್ನೊಂದು ಥರ ಗುರುತು ಹಾಕಿರುತ್ತಾರಂತೆ. ಅದನ್ನು ನೋಡಿ, ಮೊದಲೇ ಒಂದು ಸಲ ತಾವೇ ಹೋಗಿ ನಡೆದು, ಬೇಲಿ ಬಿದ್ದಿದೆಯಾ, ನಾಯಿ ಕಾಟ ಇದೆಯಾ ಎಲ್ಲ ನೋಡಿಕೊಂಡು ಬಂದು ಆಮೇಲೆ ನಮ್ಮನ್ನು ಕರೆದೊಯ್ಯುತ್ತಾರೆ. ಹೊಲದ ಬದುವಿನ ಮೇಲೆ ಹೋಗುವಾಗ ಹೊಲದವರನ್ನು ಕೇಳಿಯೇ ಕಾಲಿಡಬೇಕು, ಇದು ಅವರ ನಿಯಮ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಜಾಸ್ತಿ ಸಲ ಒಂದೊಂದು ಎಳನೀರೋ ಕಬ್ಬಿನ ಜಲ್ಲೆಯೋ ಕೈಗೆ ಬರುತ್ತದೆ.

ಆದರೆ ಎಲ್ಲವೂ ಮೊದಲಿನಿಂದ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ.

ಸೇರಿದ ಮೂರನೇ ತಿಂಗಳು ಪಾಂಡವಪುರದ ಕುಂತಿಬೆಟ್ಟಕ್ಕೆ ಹೋದೆವು. ಅಲ್ಲಿ ಸ್ವಲ್ಪ ದೂರ ಮೆಟ್ಟಿಲು, ಆಮೇಲೆ ಬರೀ ಬಂಡೆ. ಮುಂದಿದ್ದ ಏಳೆಂಟು ಜನ ಸರಸರ ಹತ್ತಿ ಹೋದರು, ಅವರ ಹಿಂದೆ ಮಧ್ಯದವರು, ಅವರ ಹಿಂದೆ ಯಾರೂ ಇಲ್ಲ. ನಾನೂ ಇನ್ನೊಬ್ಬ ಅಕ್ಕನೂ, ಅವರಿಗೆ 71, ಬಂಡೆ ಶುರುವಾಗುವ ಕಡೆ ನಿಂತುಬಿಟ್ಟೆವು. ಯಾವ ಕಡೆಯಿಂದ ಹತ್ತಬೇಕು ಗೊತ್ತಾಗಲಿಲ್ಲ. ಫೋನ್ ಮಾಡಿದರೆ ಮೇಲೆ ಯಾರೂ ಎತ್ತಲಿಲ್ಲ. 50 ನಿಮಿಷ ಹಾಗೇ ಕೂತಿದ್ದೆವು. ಬಿಸಿಲು ಏರುತ್ತಿತ್ತು, ಅಕ್ಕನ ಬಾಟಲಿಯಲ್ಲಿ ನೀರು ಮುಗಿದಿತ್ತು, ಅವರಿಗೆ ಸಕ್ಕರೆ ಕಾಯಿಲೆ ಬೇರೆ, ನನಗೆ ಒಳಗೊಳಗೇ ಭಯ. ಇಳಿದು ಬಂದವರು "ಅಯ್ಯೋ, ನೀವು ಬರಲೇ ಇಲ್ವಾ ಮೇಡಂ?" ಅಂದರು. ನನಗೆ ಅಳು ಬಂತು. ಸಿಟ್ಟೂ ಬಂತು.

ರಾತ್ರಿ ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಇನ್ನು ಬರುವುದಿಲ್ಲ ಅಂತಲೂ ಬರೆದೆ. ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸರ್ವೆ ಸಾಹೇಬ್ರು ಅವರ ಮನೆಯವರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಕೂತು ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. "ತಪ್ಪು ನನ್ನದು ಮೇಡಂ, ಎಣಿಸಬೇಕಿತ್ತು, ಎಣಿಸಲಿಲ್ಲ" ಅಂದರು. ಅಲ್ಲಿಂದ ಅಕ್ಕನ ಮನೆಗೂ ಹೋದರು.

ಆಮೇಲೆ ಬಂದ ಬದಲಾವಣೆಯೇ ನಾನು ಈ ಗುಂಪನ್ನು ಬೇರೆಯವರಿಗೆ ಹೇಳುವುದಕ್ಕೆ ಕಾರಣ. ಈಗ ಒಬ್ಬರು ಮುಂದೆ, ಒಬ್ಬರು ಕೊನೆಗೆ. ಕೊನೆಯಲ್ಲಿರುವವರ ಕೊರಳಲ್ಲಿ ಒಂದು ಸೀಟಿ, ಬ್ಯಾಗಿನಲ್ಲಿ ಓಆರ್‌ಎಸ್ ಪೊಟ್ಟಣ, ಗ್ಲೂಕೋಸ್ ಬಿಸ್ಕತ್ತು, ಕ್ರೇಪ್ ಬ್ಯಾಂಡೇಜು. ಅವರನ್ನು ದಾಟಿ ಯಾರೂ ಹಿಂದೆ ಉಳಿಯುವ ಹಾಗಿಲ್ಲ. ಬಸ್ಸು ಹತ್ತುವಾಗ, ಇಳಿಯುವಾಗ, ಪ್ರತಿ ಕವಲು ದಾರಿಯಲ್ಲಿ ತಲೆ ಎಣಿಕೆ. ಇದೆಲ್ಲ ಬೇರೆ ಗುಂಪುಗಳಲ್ಲೂ ಇರಬಹುದು. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಸಾಮಾನ್ಯವಾಗಿ ಏನಾಗುತ್ತದೆ ಅಂದರೆ ಮುಂದಿನವರು ಒಂದು ಮರದ ಕೆಳಗೆ ಕೂತು ಕಾಯುತ್ತಾರೆ, ಕೊನೆಯವರು ಏದುಸಿರು ಬಿಡುತ್ತಾ ಬಂದು ತಲುಪುತ್ತಾರೆ, ತಲುಪಿದ ಕೂಡಲೇ "ಸರಿ, ಎಲ್ಲಾ ಬಂದ್ರಲ್ಲ, ನಡೀರಿ" ಅಂತ ಎದ್ದುಬಿಡುತ್ತಾರೆ. ಅಂದರೆ ಗಟ್ಟಿಗರಿಗೆ ಹತ್ತು ನಿಮಿಷ ವಿಶ್ರಾಂತಿ, ಯಾರಿಗೆ ನಿಜವಾಗಿ ಬೇಕೋ ಅವರಿಗೆ ಒಂದು ನಿಮಿಷವೂ ಇಲ್ಲ. ಹೌದು ಅಲ್ವಾ? ನಮ್ಮಲ್ಲಿ ಈಗ ಕೊನೆಯವರು ಬಂದು ಕೂತ ಮೇಲೆ ಐದು ನಿಮಿಷ ಲೆಕ್ಕ. ಅವರು ನೀರು ಕುಡಿದು, ಬೆವರು ಒರೆಸಿಕೊಂಡು, ತಾವಾಗಿಯೇ ಎದ್ದ ಮೇಲೆ ಗುಂಪು ಹೊರಡುತ್ತದೆ. ನಾನು ಎಷ್ಟೋ ಸಲ ಆ ಕೊನೆಯವಳಾಗಿದ್ದೇನೆ. ಆ ಐದು ನಿಮಿಷ ಇಲ್ಲದಿದ್ದರೆ ನನ್ನ ಕೈಲಿ ಆರು ಕಿಲೋಮೀಟರ್ ಆಗುತ್ತಲೇ ಇರಲಿಲ್ಲ.

ನಡಿಗೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಶ್ರೀರಂಗಪಟ್ಟಣ. ಕಾರಿನಲ್ಲಿ ಹತ್ತು ಸಲ ಹೋಗಿದ್ದೆ, ನಡೆದು ನೋಡಿರಲಿಲ್ಲ. ಮೈಸೂರಿನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ, ಸ್ಟೇಷನ್ನಿನಿಂದ ರಂಗನಾಥಸ್ವಾಮಿ ದೇವಸ್ಥಾನ ನಡೆದೇ ಹೋಗುವಷ್ಟು ಹತ್ತಿರ. ಸ್ಟೇಷನ್ ಪಕ್ಕದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆ ಇದೆಯಲ್ಲ, ಜೋಡಿ ಹಳಿ ಹಾಕಲು ಅದು ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ 100 ಮೀಟರಿಗೂ ಆಚೆ ಸರಿಸಿದರು. ಸರ್ವೆ ಸಾಹೇಬ್ರು ಅದರ ಮುಂದೆ ನಿಂತು ಕಾಲು ಗಂಟೆ ವಿವರಿಸಿದರು, ಯಾರೂ ಅಲ್ಲಾಡಲಿಲ್ಲ. ಅಲ್ಲಿಂದ ದರಿಯಾ ದೌಲತ್, ಅದರ ಗೋಡೆ ತುಂಬಾ ಯುದ್ಧದ ಚಿತ್ರಗಳು, ಆಮೇಲೆ ಗುಂಬಜ್, ಕೊನೆಗೆ ಸಂಗಮ. ಇನ್ನೊಂದು ಶನಿವಾರ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಕಡೆ ಹೋದೆವು. ಆ ಕಲ್ಲು ಕಂಬಗಳನ್ನು ನೋಡುತ್ತಾ ಕಾವೇರಿ ದಡದಲ್ಲಿ ಕೂತು ಇಡ್ಲಿ ತಿಂದದ್ದು ಇನ್ನೂ ಕಣ್ಣ ಮುಂದಿದೆ.

ಇನ್ನೊಂದು, ವಿಶ್ವೇಶ್ವರಯ್ಯ ನಾಲೆ ಏರಿಯ ಮೇಲಿನ ನಡಿಗೆ. ಹಳಬರು ಇರ್ವಿನ್ ನಾಲೆ ಅನ್ನುತ್ತಾರೆ. ಜನವರಿಯಲ್ಲಿ ಹೋಗಬೇಕು. ಒಂದು ಕಡೆ ಹರಿಯುವ ನೀರು, ಇನ್ನೊಂದು ಕಡೆ ಕಬ್ಬು, ಬಿಸಿಲೂ ಹಿತ. ತಡೆಗೋಡೆ ಇಲ್ಲದ ಕಡೆ ಎಲ್ಲರೂ ಹೊಲದ ಪಕ್ಕಕ್ಕೇ ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಅಲ್ಲಿ ಫೋಟೋ ತೆಗೆಯುವ ಹಾಗಿಲ್ಲ, ಇದನ್ನು ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತಾರೆ. ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ನಮ್ಮನ್ನು ನಿಲ್ಲಿಸಿ, "ಯಾಕವ್ವಾ ಹಿಂಗ್ ನಡ್ಕೊಂಡ್ ಒಂಟಿದ್ದೀರಿ, ಬಸ್ಸು ಬತ್ತದೆ ಕಣವ್ವಾ, ನಿಂತ್ಕಳಿ" ಅಂದರು. ನಡೆಯುವುದಕ್ಕೇ ಬಂದಿದ್ದೇವೆ ಅಂದಾಗ ಹೊರೆ ಇಳಿಸಿ ನಮ್ಮ ಜೊತೆ ಕೂತು ಹತ್ತು ನಿಮಿಷ ಮಾತಾಡಿದರು. ಆ ದಿನದ ನಡಿಗೆ ಮುಗಿದದ್ದು ಒಂದು ಆಲೆಮನೆಯಲ್ಲಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಾ ಮೇಲೆ ಬರುವ ಮಡ್ಡಿಯನ್ನು ತೆಗೆಯುವುದು, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯನ್ನೇ ತಳ್ಳುವುದು, ಪಾಕ ಹದಕ್ಕೆ ಬಂತಾ ಅಂತ ನೀರಿಗೆ ಒಂದು ಹನಿ ಬಿಟ್ಟು ನೋಡುವುದು, ಆಮೇಲೆ ಅಚ್ಚಿಗೆ ಸುರಿಯುವುದು. ಎಲೆಯ ಮೇಲೆ ಬಿಸಿ ಬೆಲ್ಲ ಕೊಟ್ಟರು. ಸಕ್ಕರೆ ಕಾಯಿಲೆ ಇದ್ದವರು ವಾಸನೆ ನೋಡಿಯೇ ತೃಪ್ತಿಪಟ್ಟರು, ಒಬ್ಬರು ಮಾತ್ರ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿಕೊಂಡರು. ಚಿಕ್ಕಂದಿನಲ್ಲಿ ಅವರ ತಾತನ ಮನೆಯಲ್ಲಿ ಆಲೆ ಇತ್ತಂತೆ.

ಮೇಲುಕೋಟೆ, ತೊಣ್ಣೂರು ಕೆರೆ, ಕೊಕ್ಕರೆ ಬೆಳ್ಳೂರು ಇವೂ ಚೆನ್ನ. ಮೇಲುಕೋಟೆಯಲ್ಲಿ ಯೋಗಾನರಸಿಂಹನ ಬೆಟ್ಟ ಹತ್ತಲು ಆಗದವರಿಗೆ ಕಲ್ಯಾಣಿ, ಅಕ್ಕತಂಗಿ ಕೊಳ, ರಾಯಗೋಪುರ ಅಂತ ಕೆಳಗಿನ ದಾರಿ ಬೇರೆ ಇಡುತ್ತಾರೆ, ಕೊನೆಗೆ ಎಲ್ಲರೂ ಪುಳಿಯೋಗರೆಗೆ ಒಂದೇ ಕಡೆ ಸೇರುತ್ತೇವೆ. ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟಿರುವಾಗಲೇ ಹೋಗಬೇಕು, ಮನೆಗಳ ನಡುವಿನ ಮರದಲ್ಲೇ ಗೂಡು. ಅಲ್ಲಿ ನಡಿಗೆ ಕಮ್ಮಿ, ನಿಂತು ನೋಡುವುದೇ ಜಾಸ್ತಿ.

ಈಗ ಹೆಂಗಸರಿಗೆ ಮುಖ್ಯವಾದ ವಿಷಯ, ಶೌಚಾಲಯ. ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಷ್ಟೋ ಜನ ಬರದೇ ಇರುವುದು ಇದಕ್ಕೇ. ನೀರು ಕುಡಿಯದೆ ನಡೆದು ಆಮೇಲೆ ತಲೆ ಸುತ್ತಿ ಕೂತವರನ್ನು ನಾನು ನೋಡಿದ್ದೇನೆ. ನಮ್ಮ ಗುಂಪಿನಲ್ಲಿ ಮೊದಲು ಇದರ ಬಗ್ಗೆ ಯೋಚನೆಯೇ ಇರಲಿಲ್ಲ. ನಾವು ಮೂರು ಜನ ಹೆಂಗಸರು ಹಟ ಹಿಡಿದ ಮೇಲೆ, ಮುಂಚೆಯೇ ದಾರಿ ನೋಡಲು ಹೋಗುವಾಗ ಒಬ್ಬ ಹೆಂಗಸು ಜೊತೆಗೆ ಹೋಗಬೇಕು ಅಂತಾಯಿತು. ಊರಿನ ಶಾಲೆ, ಹಾಲಿನ ಡೈರಿ, ದೇವಸ್ಥಾನ, ಯಾವುದಾದರೂ ಮನೆ, ಎಲ್ಲಿ ಅನುಕೂಲ ಇದೆ ಅಂತ ಕೇಳಿಟ್ಟುಕೊಂಡು ಬರುತ್ತೇವೆ. ಈಗ ಬುಧವಾರ ಬರುವ ಮೆಸೇಜಿನಲ್ಲಿ ನಾಲ್ಕು ಸಾಲು ಇದ್ದೇ ಇರುತ್ತದೆ: ಎಷ್ಟು ದೂರ, ಎಷ್ಟು ಮೆಟ್ಟಿಲು, ಎಲ್ಲಿ ನೆರಳು, ಎಲ್ಲಿ ಶೌಚಾಲಯ. ಆದರೂ ನಾಲೆ ದಾರಿಯಲ್ಲಿ ಎರಡು ಗಂಟೆ ಏನೂ ಸಿಗುವುದಿಲ್ಲ. ಅದನ್ನು ತಿಳಿದೇ ಬನ್ನಿ.

ಖರ್ಚು ಕಮ್ಮಿ. ಸದಸ್ಯತ್ವ ಶುಲ್ಕ ಇಲ್ಲ. ಕಾಫಿ ತಿಂಡಿಗೆ, ಔಷಧಿ ಚೀಲಕ್ಕೆ ಸೇರಿ ನಡಿಗೆಗೆ 50 ರೂಪಾಯಿ ಹಾಕುತ್ತೇವೆ. ಹೋಗಿ ಬರುವುದು ಸರ್ಕಾರಿ ಬಸ್ಸು ಇಲ್ಲವೇ ರೈಲು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಬಸ್ಸು ಉಚಿತ, 60 ದಾಟಿದ ಗಂಡಸರಿಗೆ ಕೆಎಸ್‌ಆರ್‌ಟಿಸಿ ಟಿಕೆಟ್‌ನಲ್ಲಿ ನೂರಕ್ಕೆ 25 ರಿಯಾಯಿತಿ. ಆಧಾರ್ ಕಾರ್ಡ್ ಮರೆಯಬೇಡಿ. ಬುತ್ತಿ ಅವರವರದ್ದು, ಆದರೆ ಬಿಚ್ಚಿದ ಮೇಲೆ ಯಾರದ್ದು ಯಾರಿಗೆ ಅಂತ ಇರುವುದಿಲ್ಲ. ಡಿಸೆಂಬರಿನಲ್ಲಿ ಸೊಗಡವರೆ ಬಂತು ಅಂದರೆ ಅವರೆಕಾಳು ಉಪ್ಪಿಟ್ಟೇ ಐದಾರು ಡಬ್ಬಿಯಲ್ಲಿ ಬರುತ್ತದೆ.

ಸಂಜೆ ಕಾರ್ಯಕ್ರಮಗಳು ಪರವಾಗಿಲ್ಲ. ರಂಗಾಯಣದಲ್ಲಿ ಎರಡು ನಾಟಕ ನೋಡಿದೆವು, ಬಿಟ್ಟಾಗ ರಾತ್ರಿ ಒಂಬತ್ತು ದಾಟಿತ್ತು. ಒಂಟಿಯಾಗಿರುವವರನ್ನು ಮನೆ ಬಾಗಿಲವರೆಗೆ ಬಿಟ್ಟು ಬಂದರು.

ಬೇಡ ಅನ್ನುವುದು ಒಂದೇ, ವ್ಯಾನ್ ಪ್ರವಾಸ. ವರ್ಷಕ್ಕೊಮ್ಮೆ ಬಾಡಿಗೆ ವ್ಯಾನ್ ಮಾಡುತ್ತಾರೆ. ಸೋಮನಾಥಪುರ, ತಲಕಾಡು ಒಂದೇ ದಿನ ಅಂತ ಹೋದೆವು. ವ್ಯಾನ್ ಒಂದು ಗಂಟೆ ತಡ, ಅದರ ಮೆಟ್ಟಿಲು ಮಂಡಿ ಎತ್ತರ, ತಡವಾದ ಹೊತ್ತನ್ನೆಲ್ಲ ದೇವಸ್ಥಾನ ನೋಡುವ ಸಮಯದಲ್ಲಿ ಕಡಿತ ಮಾಡಿದರು. ಸೋಮನಾಥಪುರದ 13ನೇ ಶತಮಾನದ ಆ ಕೇಶವ ದೇವಾಲಯ ನೋಡಲು 35 ನಿಮಿಷ ಸಿಕ್ಕಿತು, ಹೊರಗೋಡೆ ಒಂದು ಸುತ್ತೂ ಸರಿಯಾಗಿ ನೋಡಲಾಗಲಿಲ್ಲ. ತಲಕಾಡಿನ ಮರಳಲ್ಲಿ ನಡೆಯುವುದು ನೋವಿರುವ ಮಂಡಿಗೆ ಬಹಳ ಕಷ್ಟ, ಅಲ್ಲಿ ಅವಸರ ಮಾಡಿಸಿದ್ದು ಇನ್ನೂ ಕಷ್ಟ. ಆ ದಿನ ಕೊನೆಯವರ ಐದು ನಿಮಿಷ ಯಾರಿಗೂ ನೆನಪಿರಲಿಲ್ಲ. ನಾನು ಹೇಳಿದ್ದೇನೆ, ಮುಂದಿನ ಸಲ ಒಂದೇ ಊರು ಇಟ್ಟುಕೊಳ್ಳಿ ಅಂತ. ಒಪ್ಪಿದ್ದಾರೆ, ಮಾಡುತ್ತಾರಾ ನೋಡಬೇಕು.

ಇನ್ನೊಂದು ಕೊರತೆ, ಮೂರು ಕಿಲೋಮೀಟರ್ ಒಳಗಿನ ಸುಲಭ ನಡಿಗೆ ಎರಡು ತಿಂಗಳಿಗೆ ಒಂದೇ ಬರುತ್ತದೆ, ಕುಕ್ಕರಹಳ್ಳಿ ಕೆರೆಯ ಅರ್ಧ ದಾರಿಯೋ ಕಾರಂಜಿ ಕೆರೆಯೋ. ಮಂಡಿ ಆಪರೇಷನ್ ಆದವರು, 75 ದಾಟಿದವರು ಉಳಿದ ದಿನ ಮನೆಯಲ್ಲೇ ಇರಬೇಕಾಗುತ್ತದೆ. ಇದು ತಿಂಗಳಿಗೊಂದು ಆಗಲೇಬೇಕು. ಬೆಳಿಗ್ಗೆ ಆರಕ್ಕೆ ಬಸ್ ಸ್ಟ್ಯಾಂಡಿನಲ್ಲಿರಬೇಕು ಅನ್ನುವುದೂ ಚಳಿಗಾಲದಲ್ಲಿ ಒಂಟಿ ಹೆಂಗಸರಿಗೆ ಕಷ್ಟ, ಆ ಹೊತ್ತಿಗೆ ಆಟೋದವರು ಕೇಳಿದಷ್ಟು ಕೊಡಬೇಕು. ನಮ್ಮ ಬೀದಿಯ ನಾಲ್ಕು ಜನ ಸೇರಿ ಒಂದೇ ಆಟೋ ಗೊತ್ತು ಮಾಡಿಕೊಂಡಿದ್ದೇವೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಬರುವುದಾದರೆ ಡಾಕ್ಟರನ್ನು ಒಂದು ಮಾತು ಕೇಳಿ ಬನ್ನಿ, ಹೊಸ ಶೂ ಬೇಡ, ಹಳೆಯದೇ ಹಾಕಿಕೊಳ್ಳಿ, ಮಾತ್ರೆ ಮತ್ತು ಮನೆಯವರ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ. ಊರುಗೋಲು ತರಲು ಸಂಕೋಚ ಪಡಬೇಡಿ, ನಮ್ಮಲ್ಲಿ ಅರ್ಧ ಜನರ ಕೈಯಲ್ಲಿದೆ. ಕುಂತಿಬೆಟ್ಟದಲ್ಲಿ ನನ್ನ ಜೊತೆ ಕೂತಿದ್ದ ಅಕ್ಕನಿಗೆ ಈಗ 73. ಕಳೆದ ಶನಿವಾರ ತೊಣ್ಣೂರು ಕೆರೆ ಏರಿಯ ಮೇಲೆ ಸೀಟಿ ಅವರ ಕೊರಳಲ್ಲಿತ್ತು.