ಕ್ಯುಪ್ರಮೀನ್: ಅಳೆದು ಹಾಕಿದರೆ ಮದ್ದು
ತೊಟ್ಟಿಯಲ್ಲಿ ಸಾಕಿದ ಕಡಲಮೀನಿನ ಬಿಳಿಚುಕ್ಕೆ ರೋಗಕ್ಕೆ ಸೀಕೆಮ್ ಕಂಪನಿಯ ಈ ತಾಮ್ರದ ಮದ್ದನ್ನು ನಂಬಬಹುದು. 40 ಲೀಟರಿಗೆ 1 ಎಂಎಲ್, 48 ಗಂಟೆ ಬಿಟ್ಟು ಮತ್ತೆ ಅಷ್ಟನ್ನೇ ಹಾಕಿ. ತಾಮ್ರದ ಮಟ್ಟ ಲೀಟರಿಗೆ 0.5 ಮಿಲಿಗ್ರಾಂನಿಂದ 14 ದಿನ ಇಳಿಯಬಾರದು. ತಾಮ್ರ ಕೊಲ್ಲುವುದು ನೀರಲ್ಲಿ ಈಜುವ ಹಂತದ ಪರಾವಲಂಬಿಯನ್ನು, ಚರ್ಮದೊಳಗೆ ಕೂತದ್ದನ್ನಲ್ಲ. ಚುಕ್ಕೆ ಮಾಯವಾಯಿತೆಂದು ನಡುವೆ ನಿಲ್ಲಿಸುವುದು ದಡ್ಡತನ.

ಬೇರೆ ತೊಟ್ಟಿಯಲ್ಲೇ ಹಾಕಿ: ಹವಳ, ಸಿಗಡಿ ಸಾಯುತ್ತವೆ, ಕಲ್ಲು-ಮರಳು ತಾಮ್ರ ಹೀರುತ್ತವೆ. ಅಡಗಲು ಪಿವಿಸಿ ಪೈಪಿನ ತುಂಡು ಸಾಕು. ಮೀನಿನ ಕೊಳೆಯಿಂದ ಅಮೋನಿಯಾ ಏರಿದರೆ ಪ್ರೈಮ್ (ಅದೇ ಕಂಪನಿಯ ನೀರು ಹದಮಾಡುವ ದ್ರಾವಣ) ಸುರಿಯಬೇಡಿ, ತಾಮ್ರ ಇನ್ನಷ್ಟು ವಿಷವಾಗುತ್ತದೆ. ನೀರು ಬದಲಿಸಿ, ಹೊಸ ನೀರಿಗೂ ಲೆಕ್ಕದ ಮದ್ದು ಸೇರಿಸಿ. ಕಾಸರಗೋಡಿನವರು ಗಮನಿಸಿ: ಮಳೆಗಾಲದಲ್ಲಿ ಚಂದ್ರಗಿರಿ ಅಳಿವೆಯ ಹತ್ತಿರದ ಕಡಲನೀರು ಸಪ್ಪೆ, ಉಪ್ಪಿನಂಶ ಅಳೆಯದೆ ತುಂಬಬೇಡಿ. ತಾಮ್ರದ ಟೆಸ್ಟ್ ಕಿಟ್ ಬೇರೆಯೇ ಕೊಳ್ಳಬೇಕು, ಅದಿಲ್ಲದೆ ಬಾಟಲಿ ತೆರೆಯುವುದೇ ಬೇಡ.