ಕೆಲಸದ ಜೊತೆಗೆ ಕಂಪ್ಯೂಟರ್ ಸೈನ್ಸ್: ಇಗ್ನೋ ಎಂಸಿಎ ಮತ್ತು ಮದ್ರಾಸ್ ಐಐಟಿಯ ಬಿಎಸ್

ಬಿಎಸ್ಸಿ ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸಕ್ಕಿದ್ದ ನನಗೆ, ಡೆವಲಪರ್ ಹುದ್ದೆಯ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಅಡ್ಡ ಬರುತ್ತಿದ್ದದ್ದು ‘ಬಿಇ ಅಥವಾ ಎಂಸಿಎ (ಕಂಪ್ಯೂಟರ್ ಅಪ್ಲಿಕೇಶನ್‌ನ ಸ್ನಾತಕೋತ್ತರ ಪದವಿ)’ ಎಂಬ ಸಾಲು. ಸಂಬಳ ಬಿಟ್ಟು ಓದುವ ಸ್ಥಿತಿ ಇರಲಿಲ್ಲವಾದ್ದರಿಂದ ಮೊದಲು ದೂರಶಿಕ್ಷಣ ನೀಡುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ, ಎರಡು ವರ್ಷದ ಎಂಸಿಎ ಮುಗಿಸಿದೆ. ಆಮೇಲೆ ಮದ್ರಾಸ್ ಐಐಟಿ ಆನ್‌ಲೈನಿನಲ್ಲಿ ಕಲಿಸುವ ಡೇಟಾ ಸೈನ್ಸ್ ಪದವಿ, ಬಿಎಸ್‌ಗೆ ಸೇರಿದೆ.

ಇಗ್ನೋದಲ್ಲಿ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ ಮಾತ್ರ. ನಡುವಿನ ತಿಂಗಳುಗಳಲ್ಲಿ ಓದಿದೆಯಾ ಎಂದು ಯಾರೂ ಕೇಳುವುದಿಲ್ಲ. ಆಫೀಸಿನಲ್ಲಿ ರಿಲೀಸ್ ಒತ್ತಡವಿದ್ದಾಗ ಇದು ವರವೆನಿಸಿತು, ಮೇ ತಿಂಗಳಲ್ಲಿ ಶಾಪವೆನಿಸಿತು. ಅಸೈನ್‌ಮೆಂಟ್‌ಗಳನ್ನು ಕೈಯಲ್ಲೇ ಬರೆಯಬೇಕು. ಅತಿ ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ ಅಲ್ಗಾರಿದಮ್ಮಿನ ಒಂದೊಂದು ಹಂತವನ್ನೂ ಸ್ಕೇಲಿಟ್ಟು ಗೆರೆ ಎಳೆದು ಕೋಷ್ಟಕದಲ್ಲಿ ತುಂಬಿಸಿದ ರಾತ್ರಿಗಳಿಂದಾಗಿ ಅದು ಇಂದಿಗೂ ನನಗೆ ಬಾಯಿಪಾಠ. ಆದರೆ ಕಾಗದದ ಮೇಲೆ ಬರೆದ ಪ್ರೋಗ್ರಾಂ ತಪ್ಪಿದೆಯೆಂದು ಕಾಗದ ಹೇಳುವುದಿಲ್ಲ.

ಇದರ ಬೆಲೆ ತಿಳಿದದ್ದು ಸಂದರ್ಶನದಲ್ಲಿ. ರೆಸ್ಯೂಮೆಯಲ್ಲಿ ಎಂಸಿಎ ಬಂದ ಮೇಲೆ ಕರೆಗಳು ಬರತೊಡಗಿದವು. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟಪಡಿಸಿದ್ದು ಇಂಥಲ್ಲಿ ನೆರವಿಗೆ ಬರುತ್ತದೆ. ಎರಡನೇ ಸುತ್ತಿನಲ್ಲಿ ಮಾತ್ರ ಲಿಸ್ಟ್ ಖಾಲಿಯಿದ್ದರೆ ಏನಾಗುತ್ತದೆಂಬ ಸರಳ ಪ್ರಶ್ನೆಗೆ ನನ್ನ ಕೋಡ್ ಮುಗ್ಗರಿಸಿತು. ಟೆಸ್ಟರ್ ಆಗಿ ಇತರರ ಕೋಡಿನಲ್ಲಿ ದಿನವೂ ಹಿಡಿಯುತ್ತಿದ್ದ ತಪ್ಪು ಅದು!

ಐಐಟಿಯ ಬಿಎಸ್ ತುಂಬುವುದು ಈ ಕೊರತೆಯನ್ನೇ. ಅಲ್ಲಿ ಪೈಥಾನ್ ಪ್ರೋಗ್ರಾಂ ಕಳುಹಿಸಿದರೆ ಕಣ್ಣಿಗೆ ಕಾಣದ ಟೆಸ್ಟ್ ಕೇಸ್‌ಗಳು, ಅಂದರೆ ಪ್ರೋಗ್ರಾಂ ಸರಿಯೇ ಎಂದು ನೋಡಲು ಕೊಡುವ ಮಾದರಿ ಇನ್‌ಪುಟ್‌ಗಳು, ಅದನ್ನು ಜರಡಿ ಹಿಡಿಯುತ್ತವೆ. ಜೆಇಇ ಮೂಲಕ ಬರುವವರನ್ನು ಬಿಟ್ಟರೆ, ನಾಲ್ಕು ವಾರಗಳ ಕ್ವಾಲಿಫೈಯರ್ ಎಂಬ ಅರ್ಹತಾ ಹಂತ ದಾಟಿದವರಿಗಷ್ಟೇ ಪ್ರವೇಶ. ವರ್ಷಕ್ಕೆ ಮೂರು ಟರ್ಮ್, ವಾರವಾರ ಗಡುವು, ಕ್ವಿಜ್‌ಗಳಿಗೆ ಪರೀಕ್ಷಾ ಕೇಂದ್ರಕ್ಕೇ ಹೋಗಬೇಕು. ನೈಟ್ ಶಿಫ್ಟ್ ಮುಗಿಸಿ ಮಲಗಿದವನು ಎಚ್ಚರವಾಗದೆ ಒಂದು ಕ್ವಿಜ್ ಕಳೆದುಕೊಂಡೆ, ತಪ್ಪು ನನ್ನದೇ. ಖರ್ಚಿನ ಅಂತರವೂ ಸಣ್ಣದಲ್ಲ: ಎಂಸಿಎಗೆ ನಾನು ಕಟ್ಟಿದ ಶುಲ್ಕ ಐವತ್ತು ಸಾವಿರ ದಾಟಲಿಲ್ಲ, ಪೂರ್ತಿ ಬಿಎಸ್‌ಗೆ ರಿಯಾಯಿತಿ ಸಿಗದವರಿಗೆ ಮೂರು ಲಕ್ಷ ಮೀರುತ್ತದೆ. ಫೌಂಡೇಶನ್, ಡಿಪ್ಲೊಮಾ, ಬಿಎಸ್ಸಿ ಹೀಗೆ ನಡುವೆಯೇ ಇಳಿದುಕೊಳ್ಳುವ ನಿಲ್ದಾಣಗಳಿವೆಯೆಂಬುದೇ ಸಮಾಧಾನ. ನಾನು ಪ್ರೋಗ್ರಾಮಿಂಗ್ ಡಿಪ್ಲೊಮಾಕ್ಕೇ ಇಳಿದೆ. ಅಷ್ಟರಲ್ಲಿ ಡೆವಲಪರ್ ಕೆಲಸ ಸಿಕ್ಕಿತ್ತು.

ಹಾಗಾಗಿ ಈಗಾಗಲೇ ಪದವಿಯಿದ್ದು ಬಡ್ತಿಗೋ ಸರ್ಕಾರಿ ಅರ್ಜಿಗೋ ಸ್ನಾತಕೋತ್ತರ ಪದವಿ ಬೇಕಾದವರಿಗೆ ನಾನು ಇಗ್ನೋವನ್ನೇ ಹೇಳುತ್ತೇನೆ, ಜೊತೆಗೆ ದಿನವೂ ಕೋಡ್ ಬರೆಯಿರಿ ಎಂಬ ಷರತ್ತಿನೊಂದಿಗೆ. ಪಿಯುಸಿ ಮುಗಿಸಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿರುವ ನನ್ನ ಅಕ್ಕನ ಮಗನಿಗೆ ಮಾತ್ರ ಬಿಎಸ್‌ನ ಕ್ವಾಲಿಫೈಯರ್ ಫಾರಂ ತುಂಬಿಸಿದ್ದೇನೆ.